ಅಕ್ಕಿಕಾಳು ಎಣಿಸುತ್ತ ಇಂಗ್ಲಿಷ್ ಪದ ಕಲಿಯುವುದು

(ಶ್ರೀಮಠದ ಪ್ರಸಾದ ನಿಲಯದಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಸಭೆಯಲ್ಲಿ ನಿವೃತ್ತ ಸರ್ಕಾರಿ ಎಂಜಿನಿಯರರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಇಂದಿನ ವಿಷಯವನ್ನು ನಿರೂಪಕರು ಓದಿದಾಗ ಹಿಂದಿನ ಸಾಲಿನ ಹುಡುಗರ ಮುಖ ಅರಳಿತು, ಮುಂದಿನ ಸಾಲಿನ ಪಾಲಕರ ಹುಬ್ಬು ಗಂಟಿಕ್ಕಿತು. ಮೊಬೈಲಿನಲ್ಲಿ ಆಟ ಆಡಿ ಇಂಗ್ಲಿಷ್ ಪದ ಕಲಿಯಬಹುದೇ ಎಂಬುದು ವಿಷಯ. ಕಲಿಯಬಹುದು ಎಂಬುದು ನನ್ನ ಉತ್ತರ. ಆದರೆ ಎಲ್ಲ ಆಟದಿಂದಲೂ ಅಲ್ಲ, ಆಟ ಒಂದರಿಂದಲೇ ಅಂತೂ ಅಲ್ಲ. ಯಾವ ಆಟ ಕೆಲಸ ಮಾಡುತ್ತದೆ, ಯಾವುದು ಬರೀ ಹೊತ್ತು ಕಳೆಯುತ್ತದೆ, ಅದು ಯಾಕೆ ಹಾಗೆ ಎಂಬುದನ್ನು ಯಂತ್ರ ಬಿಚ್ಚಿ ನೋಡುವ ನನ್ನ ಹಳೆಯ ಚಾಳಿಯಂತೆ ಬಿಚ್ಚಿ ತೋರಿಸುತ್ತೇನೆ.

ಮೊದಲು ಪಾಲಕರ ಭಯದ ಮಾತು. ಆಟ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ರಮ್ಮಿ, ಬೆಟ್ಟಿಂಗು, ಸಾಲ ಮಾಡಿಕೊಂಡು ಮನೆ ಬಿಟ್ಟುಹೋದ ಯಾರದೋ ಮಗ. ಆ ಭಯ ಸುಳ್ಳಲ್ಲ. ಅದಕ್ಕಾಗಿಯೇ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಅದೇ ಕಾಯ್ದೆ ಕಲಿಕೆಯ ಆಟಗಳನ್ನು ಬೇರೆಯಾಗಿಯೇ ನೋಡುತ್ತದೆ. ನಾನು ಹೇಳುವ ಆಟಗಳಲ್ಲಿ ಒಂದು ಪೈಸೆಯೂ ಕಟ್ಟಬೇಕಿಲ್ಲ. ಯಾವುದೇ ಆಟ ಮಧ್ಯದಲ್ಲಿ ಹಣ ಕೇಳಿದರೆ, ಕಾರ್ಡಿನ ಸಂಖ್ಯೆ ಕೇಳಿದರೆ, ಅಲ್ಲಿಗೆ ಮುಚ್ಚಿಬಿಡಿ.

ಇನ್ನೊಂದು ಪ್ರಶ್ನೆಯನ್ನು ಒಬ್ಬ ಹಿರಿಯರು ಬೆಳಿಗ್ಗೆ ಪ್ರಸಾದದ ಸಾಲಿನಲ್ಲೇ ಕೇಳಿದರು. ಶರಣರು ಜನರ ಮಾತಿನಲ್ಲಿ ಮಾತನಾಡಿದವರು, ನೀವು ಮಠದೊಳಗೆ ಇಂಗ್ಲಿಷ್ ಯಾಕೆ ತರುತ್ತೀರಿ ಎಂದು. ತಕ್ಕ ಪ್ರಶ್ನೆ. 12ನೆಯ ಶತಮಾನದಲ್ಲಿ ಬೀಗ ಬಿದ್ದಿದ್ದ ಬಾಗಿಲು ಬೇರೆ, ಇಂದು ಬೀಗ ಬಿದ್ದಿರುವ ಬಾಗಿಲು ಬೇರೆ. ಡಿಪ್ಲೊಮಾ ಪುಸ್ತಕ, ನ್ಯಾಯಾಲಯದ ತೀರ್ಪು, ಟೆಂಡರಿನ ಷರತ್ತು, ಔಷಧದ ಡಬ್ಬಿಯ ಮೇಲಿನ ಸಣ್ಣ ಅಕ್ಷರ, ಇವೆಲ್ಲ ಇಂಗ್ಲಿಷಿನಲ್ಲಿವೆ. ಇವೆಲ್ಲ ಕನ್ನಡಕ್ಕೆ ಬರಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಬರುವ ತನಕ ನಮ್ಮ ಮಕ್ಕಳು ಹೊರಗೆ ನಿಂತು ಕಾಯಬೇಕೇ? ಅಲ್ಲದೆ, ತರುವವರಾದರೂ ಎರಡೂ ಭಾಷೆ ಬಲ್ಲವರೇ ಆಗಬೇಕಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಹಾಗಿದ್ದೂ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಚೆನ್ನಾಗಿ ಪಾಸಾದ ಹುಡುಗಿ ಪಿಯುಸಿ ವಿಜ್ಞಾನಕ್ಕೋ ಡಿಪ್ಲೊಮಾಕ್ಕೋ ಸೇರಿದ ಮೊದಲ ವರ್ಷ ಮುಗ್ಗರಿಸುತ್ತಾಳೆ. ಅವಳಿಗೆ ಗಣಿತ ಬರುತ್ತದೆ, ವಿಜ್ಞಾನವೂ ಬರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ‘ಡಿರೈವ್’ ಎಂದಿದೆಯೋ ‘ಡಿಫೈನ್’ ಎಂದಿದೆಯೋ, ಎರಡಕ್ಕೂ ಏನು ವ್ಯತ್ಯಾಸ ಎಂದು ತಿಳಿಯದು. ಒಂದು ಸೂತ್ರವನ್ನು ಹಂತಹಂತವಾಗಿ ಸಾಧಿಸಿ ತೋರಿಸು ಎಂದು ಕೇಳಿದ್ದಕ್ಕೆ ಅವಳು ಅದರ ವ್ಯಾಖ್ಯೆ ಬರೆದು ಬರುತ್ತಾಳೆ. ಹತ್ತು ಅಂಕದ ಪ್ರಶ್ನೆಗೆ ಒಂದು ಅಂಕ. ಮನೆಯವರು ‘ವಿಜ್ಞಾನ ಇವಳಿಗೆ ಆಗಿಬರೋದಿಲ್ಲ’ ಎಂದು ತೀರ್ಮಾನಿಸಿ ಗಂಡು ಹುಡುಕಲು ಶುರುಮಾಡುತ್ತಾರೆ. ಒಂದು ಪದ ತಿಳಿಯದೆ ಹೋದದ್ದಕ್ಕೆ ಒಂದು ಜೀವನದ ದಿಕ್ಕೇ ಬದಲಾಗುತ್ತದೆ. ನನ್ನ ಕೈಕೆಳಗೆ ಒಬ್ಬ ಕಿರಿಯ ಎಂಜಿನಿಯರ್ ಇದ್ದರು. ಲೆವೆಲಿಂಗ್ ಉಪಕರಣದ ಮುಂದೆ ನಿಂತರೆ ಅವರಷ್ಟು ಕರಾರುವಾಕ್ಕಾಗಿ ಓದುವವರು ವಿಭಾಗದಲ್ಲೇ ಇರಲಿಲ್ಲ. ಮೇಲಧಿಕಾರಿಗಳ ಸಭೆಯಲ್ಲಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಬೇರೆಯವರು ಅವರ ಕೆಲಸವನ್ನು ತಮ್ಮದೆಂದು ವಿವರಿಸುವಾಗಲೂ ಬಿಚ್ಚುತ್ತಿರಲಿಲ್ಲ.

ಹಾಗಾದರೆ ಎಷ್ಟು ಪದ ಬೇಕು? ಇಂಗ್ಲಿಷಿನಲ್ಲಿ ಲಕ್ಷಗಟ್ಟಲೆ ಪದಗಳಿವೆ ಎಂದು ಹೆದರಿಸುವವರ ಮಾತು ಕೇಳಬೇಡಿ. ಮೈಕೆಲ್ ವೆಸ್ಟ್ ಎಂಬ ಆಂಗ್ಲ ಶಿಕ್ಷಣತಜ್ಞರಿದ್ದರು. ಬ್ರಿಟಿಷರ ಕಾಲದಲ್ಲಿ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದವರು. ಬಂಗಾಳಿ ಹುಡುಗರು ಇಂಗ್ಲಿಷ್ ಓದಲು ಪಡುವ ಪಾಡನ್ನು ಕಣ್ಣಾರೆ ಕಂಡವರು. ಹುಡುಗರಿಗೆ ಕೊಡುವ ಪಾಠದಲ್ಲಿ ಅಪರೂಪದ ಪದಗಳನ್ನು ತುರುಕುವ ಬದಲು ಮತ್ತೆ ಮತ್ತೆ ಬಳಕೆಯಾಗುವ ಪದಗಳನ್ನು ಮೊದಲು ಕಲಿಸಬೇಕು ಎಂಬುದು ಅವರ ವಾದ. 1953ರಲ್ಲಿ ಅವರು ಸುಮಾರು 2000 ಪದಗಳ ಒಂದು ಪಟ್ಟಿ ಪ್ರಕಟಿಸಿದರು. ಸಾಮಾನ್ಯ ಬರಹದ ಬಹುಪಾಲು ಈ ಪದಗಳಿಂದಲೇ ಆಗಿರುತ್ತದೆ. ನಮ್ಮಂಥ ನಾಡಿನ ಮಕ್ಕಳ ಕಷ್ಟ ನೋಡಿ ಹುಟ್ಟಿದ ಯೋಚನೆ ಮುಂದೆ ಜಗತ್ತಿಗೆಲ್ಲ ಹರಡಿತು. ಆಮೇಲೆ 2000ನೇ ಇಸವಿಯಲ್ಲಿ ನ್ಯೂಜಿಲೆಂಡಿನ ಏವ್ರಿಲ್ ಕಾಕ್ಸ್‌ಹೆಡ್ ಎಂಬ ವಿದ್ವಾಂಸೆ ಇನ್ನೊಂದು ಪಟ್ಟಿ ಮಾಡಿದರು. ಕಾಲೇಜಿನ ಪುಸ್ತಕಗಳಲ್ಲಿ, ವಿಷಯ ಯಾವುದೇ ಇರಲಿ, ಎಲ್ಲದರಲ್ಲೂ ಬರುವ 570 ಪದಕುಟುಂಬಗಳು. ಪದಕುಟುಂಬ ಎಂದರೆ ಒಂದು ಮೂಲ ಪದ ಮತ್ತು ಅದರಿಂದ ಹುಟ್ಟಿದವು. ಕಾಲೇಜು ಪುಸ್ತಕದ ಪ್ರತಿ ಹತ್ತು ಪದಗಳಲ್ಲಿ ಸುಮಾರು ಒಂದು ಈ ಪಟ್ಟಿಯದು. ‘ಅನಲೈಸ್’, ‘ಅಸ್ಯೂಮ್’, ‘ಡಿರೈವ್’, ‘ಡಿಫೈನ್’, ‘ಇಂಡಿಕೇಟ್’, ‘ರಿಕ್ವೈರ್’, ‘ವೇರಿ’ ಎಲ್ಲ ಅಲ್ಲಿವೆ. ‘ಎಸ್ಟಿಮೇಟ್’ ಕೂಡ ಇದೆ, ಅದೊಂದು ಪದ ಮಾತ್ರ ನಮ್ಮ ಹಳ್ಳಿಯ ಗುತ್ತಿಗೆದಾರನಿಗೂ ಬಾಯಿಪಾಠ.

ಅಂದರೆ ಹೊರೆ ದೊಡ್ಡದಲ್ಲ. ದಿನಕ್ಕೆ ಐದು ಪದ ಎಂದರೆ 570 ಪದಗಳಿಗೆ ನಾಲ್ಕು ತಿಂಗಳೂ ಬೇಕಿಲ್ಲ. ಕಷ್ಟ ಇರುವುದು ನೆನಪಿನಲ್ಲಿ ಉಳಿಸಿಕೊಳ್ಳುವುದರಲ್ಲಿ. ಆಟ ಉಪಯೋಗಕ್ಕೆ ಬರುವುದು ಇಲ್ಲಿಯೇ.

ಈಗ ಒಂದು ಆಟದ ಕಥೆ. ಅಮೆರಿಕದಲ್ಲಿ ಜಾನ್ ಬ್ರೀನ್ ಎಂಬ ಕಂಪ್ಯೂಟರ್ ಪ್ರೋಗ್ರಾಮರ್ ಇದ್ದಾರೆ. ಅವರ ಮಗ ಕಾಲೇಜು ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪದಗಳನ್ನು ಉರುಹೊಡೆಯುತ್ತಿದ್ದ. ಅವರದೇ ಭಾಷೆ, ಆದರೂ ಅವನಿಗೂ ಕಷ್ಟವೇ, ನಮ್ಮ ಮಕ್ಕಳು ಇದನ್ನು ಗಮನಿಸಬೇಕು. ಅದನ್ನು ನೋಡಿ ಅಪ್ಪ ಒಂದು ಆಟ ಮಾಡಿದರು. 2007ರ ಅಕ್ಟೋಬರ್ 7ರಂದು ಅದು ಎಲ್ಲರಿಗೂ ತೆರೆಯಿತು. ಹೆಸರು ‘ಫ್ರೀರೈಸ್’, ಉಚಿತ ಅಕ್ಕಿ. ಪರದೆಯ ಮೇಲೆ ಒಂದು ಪದ ಬರುತ್ತದೆ, ಕೆಳಗೆ ನಾಲ್ಕು ಅರ್ಥಗಳು. ಸರಿಯಾದುದನ್ನು ಒತ್ತಿದರೆ ಪಕ್ಕದ ಬಟ್ಟಲಿನಲ್ಲಿ ಅಕ್ಕಿಕಾಳು ಬೀಳುತ್ತವೆ, ಆರಂಭದಲ್ಲಿ ಹತ್ತು. ಅವು ಚಿತ್ರದ ಕಾಳು ಮಾತ್ರವಲ್ಲ. ಆ ಪುಟದಲ್ಲಿ ಕಾಣುವ ಜಾಹೀರಾತಿನ ಹಣ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮಕ್ಕೆ ಹೋಗಿ ಹಸಿದವರಿಗೆ ಅನ್ನವಾಗುತ್ತದೆ. ಮೊದಲ ದಿನ ಬಿದ್ದದ್ದು 830 ಕಾಳು. ಆರಂಭದ ದಿನಗಳ ಅಕ್ಕಿ ಬಾಂಗ್ಲಾದೇಶದಲ್ಲಿದ್ದ ಮ್ಯಾನ್ಮಾರ್ ನಿರಾಶ್ರಿತರಿಗೆ ಮುಟ್ಟಿತು. 2009ರಲ್ಲಿ ಬ್ರೀನ್ ಆಟವನ್ನೇ ಆ ಸಂಸ್ಥೆಗೆ ದಾನ ಮಾಡಿಬಿಟ್ಟರು. 2020ರ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು ಇದೇ ಸಂಸ್ಥೆಗೆ.

ದಾಸೋಹದ ಮನೆಯಲ್ಲಿ ಕುಳಿತು ಉಣ್ಣುವ ನಮ್ಮ ಮಕ್ಕಳಿಗೆ ಈ ಕಥೆ ಬೇಗ ಹಿಡಿಸುತ್ತದೆ. ಆದರೆ ಎಂಜಿನಿಯರನ ಲೆಕ್ಕವನ್ನೂ ಹಾಕಿಬಿಡೋಣ. ಒಂದು ಅಕ್ಕಿಕಾಳು ಸುಮಾರು 20 ಮಿಲಿಗ್ರಾಂ ತೂಗುತ್ತದೆ ಎನ್ನಿ. ಕಿಲೋಗೆ 50,000 ಕಾಳು. ಉತ್ತರಕ್ಕೆ ಹತ್ತು ಕಾಳಿನಂತೆ ಒಂದು ಕಿಲೋ ಅಕ್ಕಿಗೆ 5,000 ಸರಿಯುತ್ತರ ಬೇಕು. ಈ ನಿಲಯದ ನಲವತ್ತು ಮಕ್ಕಳು ತಲಾ 50 ಸರಿಯುತ್ತರ ಕೊಟ್ಟರೆ 20,000 ಕಾಳು, ಅಂದರೆ 400 ಗ್ರಾಂ. ನಮ್ಮ ಅಡುಗೆಮನೆಯ ಅಮ್ಮ ಒಂದು ಪಂಕ್ತಿಗೆ ಅಳೆದು ಹಾಕುವ ಅಕ್ಕಿಯ ಮುಂದೆ ಇದು ಏನೂ ಅಲ್ಲ. ಹಾಗಾಗಿ ಫೋನ್ ಒತ್ತಿ ಲೋಕದ ಹಸಿವು ನೀಗಿಸಿದೆವು ಎಂದು ಯಾರೂ ಬೀಗಬೇಡಿ. ಪಾತ್ರೆ ತೊಳೆಯುವ ಸರದಿ ಬಂದಾಗ ಆಟದ ನೆಪ ಹೇಳಲೂ ಬೇಡಿ.

ನನಗೆ ಆ ಆಟದಲ್ಲಿ ಹಿಡಿಸಿದ್ದು ಅಕ್ಕಿಗಿಂತ ಹೆಚ್ಚಾಗಿ ಅದರ ಒಳಗಿನ ಯಂತ್ರ. ಮೊದಲ ರೂಪದಲ್ಲಿ ಪದಗಳನ್ನು ಸುಲಭದಿಂದ ಕಠಿಣದವರೆಗೆ ಹಲವು ಹಂತಗಳಾಗಿ ವಿಂಗಡಿಸಿದ್ದರು. ಸತತ ಮೂರು ಉತ್ತರ ಸರಿಯಾದರೆ ಒಂದು ಹಂತ ಮೇಲೆ, ಒಂದು ತಪ್ಪಿದರೆ ಒಂದು ಹಂತ ಕೆಳಗೆ. ಕಾಲುವೆಯ ತೂಬು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನೀರಿನ ಮಟ್ಟ ಏರಿದರೆ ಬಾಗಿಲು ಇಷ್ಟು ಇಳಿಸು, ಇಳಿದರೆ ಇಷ್ಟು ಎತ್ತು. ಮಟ್ಟ ತಾನಾಗಿ ಒಂದು ಕಡೆ ನಿಲ್ಲುತ್ತದೆ. ಹಾಗೆಯೇ ಆಡುವವನು ತನ್ನ ಶಕ್ತಿಗೆ ತುಸು ಮೇಲಿನ ಹಂತದಲ್ಲೇ ಸದಾ ಇರುತ್ತಾನೆ. ತೀರ ಸುಲಭವಾಗಿ ಬೇಸರ ಬರುವುದಿಲ್ಲ, ತೀರ ಕಷ್ಟವಾಗಿ ಕೈಚೆಲ್ಲುವುದೂ ಇಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಶಿಕ್ಷಕರು ಎಷ್ಟೇ ಪ್ರೀತಿಯಿಂದ ಕಲಿಸಿದರೂ ಒಬ್ಬೊಬ್ಬರ ಮಟ್ಟಕ್ಕೆ ಬೇರೆ ಬೇರೆ ಪಾಠ ಮಾಡಲಾರರು. ಮತ್ತೊಂದು ಸಂಗತಿ: ತಪ್ಪು ಮಾಡಿದರೆ ಯಂತ್ರ ನಗುವುದಿಲ್ಲ. ಹಳ್ಳಿಯ ಮಕ್ಕಳು ಇಂಗ್ಲಿಷಿನಲ್ಲಿ ಬಾಯಿ ಬಿಡದಿರುವುದಕ್ಕೆ ಕಾರಣ ಪಕ್ಕದವನ ನಗು. ಆ ನಗು ಇಲ್ಲದ ಜಾಗ ಸಿಕ್ಕರೆ ಅರ್ಧ ಕಲಿಕೆ ಆದಂತೆ.

ಇನ್ನು ನೆನಪಿನ ಮಾತು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿಜ್ಞಾನಿ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಒಂದು ಪುಸ್ತಕ ಬರೆದರು. ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಉರುಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತದೆ ಎಂದು ಅಳೆದರು. ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ಒಂದೆರಡು ದಿನದಲ್ಲೇ ಸೋರಿಹೋಗುತ್ತದೆ. ಒಂದೇ ದಿನ ಹತ್ತು ಸಲ ಓದುವುದಕ್ಕಿಂತ ದಿನ ಬಿಟ್ಟು ದಿನ ಓದಿದರೆ ಹೆಚ್ಚು ಉಳಿಯುತ್ತದೆ. ಕಾಂಕ್ರೀಟು ಹಾಕಿದ ಮೇಲೆ ನೀರುಣಿಸುವುದನ್ನು ನೀವೆಲ್ಲ ನೋಡಿದ್ದೀರಿ, ಕ್ಯೂರಿಂಗ್ ಎನ್ನುತ್ತೇವೆ. ಮೊದಲ ದಿನವೇ ಹತ್ತು ಟ್ಯಾಂಕರ್ ನೀರು ಸುರಿದು ಮನೆಗೆ ಹೋದರೆ ಆ ಕಾಂಕ್ರೀಟು ಬಿರುಕು ಬಿಡುತ್ತದೆ. ಕನಿಷ್ಠ ಏಳು ದಿನ ಒದ್ದೆಯಾಗಿಟ್ಟರೆ ಗಟ್ಟಿಯಾಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಓದುವವರೆಲ್ಲ ಮೊದಲ ದಿನ ಹತ್ತು ಟ್ಯಾಂಕರ್ ಸುರಿಯುವವರು.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಸಂಶೋಧಕರು ಇನ್ನೊಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರದ ನಂತರ ಕೇಳಿದರೆ ನೆನಪಿನಿಂದ ಬರೆದವರು ಮುಂದೆ. ನಿಮ್ಮ ಮಗ ಪುಸ್ತಕದ ಮುಂದೆ ಎರಡು ಗಂಟೆ ಕುಳಿತಿದ್ದ ಎಂಬುದು ಲೆಕ್ಕಕ್ಕಿಲ್ಲ, ಪುಸ್ತಕ ಮುಚ್ಚಿದ ಮೇಲೆ ಎಷ್ಟು ಸಲ ತಲೆಯಿಂದ ತೆಗೆದ ಎಂಬುದು ಲೆಕ್ಕ. ಒಳ್ಳೆಯ ಪದದಾಟ ಮಾಡುವುದು ಇದನ್ನೇ. ನಿಮಿಷಕ್ಕೆ ಐದಾರು ಸಲ ತಲೆಯಿಂದ ತೆಗೆಸುತ್ತದೆ, ತಪ್ಪಿದ್ದರೆ ಆ ಕ್ಷಣದಲ್ಲೇ ಹೇಳುತ್ತದೆ. ನಮ್ಮ ಅಜ್ಜಿಯರು ಒಗಟು ಹೇಳಿ, ಉತ್ತರ ಹೇಳದವನಿಗೆ ಸೋತೆ ಎನ್ನಿಸಿ, ಆಮೇಲೆ ಬಿಡಿಸುತ್ತಿದ್ದರಲ್ಲ, ಅದೂ ಇದೇ ಉಪಾಯ. ಆ ಒಗಟುಗಳು ನನಗೆ ಅರವತ್ತು ದಾಟಿದ ಮೇಲೂ ನೆನಪಿವೆ.

ಈಗ ಕೆಲಸಕ್ಕೆ ಬಾರದ ಆಟಗಳ ಮಾತು. ಇಲ್ಲಿ ಕೆಲವರು ನನ್ನ ಜೊತೆ ಜಗಳ ಮಾಡುತ್ತಾರೆ, ಮಾಡಲಿ. ‘ವರ್ಡಲ್’ ಎಂಬ ಆಟ ನಿಮಗೆ ಗೊತ್ತಿರಬಹುದು. ಜೋಶ್ ವಾರ್ಡಲ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ಮಾಡಿದ್ದು, 2021ರಲ್ಲಿ ಜಗತ್ತಿಗೆಲ್ಲ ಹುಚ್ಚು ಹಿಡಿಸಿತು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಕೊಂಡುಕೊಂಡಿತು. ಐದಕ್ಷರದ ಪದವನ್ನು ಆರು ಪ್ರಯತ್ನದಲ್ಲಿ ಊಹಿಸಬೇಕು. ಒಳ್ಳೆಯ ಆಟ. ದಿನಕ್ಕೆ ಒಂದೇ ಪದ, ಹಾಗಾಗಿ ಚಟ ಹತ್ತುವುದಿಲ್ಲ, ಅದು ಅದರ ದೊಡ್ಡ ಗುಣ. ಆದರೆ ಅದು ಪದ ಬಲ್ಲವರ ಆಟ. ಪದ ಗೊತ್ತಿಲ್ಲದವನಿಗೆ ಹೊಸ ಪದ ಕಲಿಸುವುದಿಲ್ಲ, ಅರ್ಥವನ್ನಂತೂ ಕೇಳುವುದೇ ಇಲ್ಲ. ಕಾಗುಣಿತ ಗಟ್ಟಿಯಾಗುತ್ತದೆ, ಅಷ್ಟೇ.

ಸ್ಕ್ರ್ಯಾಬಲ್ ಕೂಡ ಹೀಗೆಯೇ. ಅದರ ಹುಟ್ಟು ನನ್ನಂಥವನಿಗೆ ಬಲು ಇಷ್ಟ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ ಪತ್ರಿಕೆಗಳ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಕುಳಿತು ಬಿಲ್ಲೆಗಳ ಸಂಖ್ಯೆ, ಬೆಲೆ ನಿಗದಿ ಮಾಡಿದರು. ನೂರು ಬಿಲ್ಲೆಗಳಲ್ಲಿ ‘ಇ’ ಅಕ್ಷರದವು 12, ತಲಾ ಒಂದೇ ಅಂಕ. ‘ಕ್ಯೂ’ ಒಂದೇ ಒಂದು, ಅದಕ್ಕೆ ಹತ್ತು ಅಂಕ. ಮುಂದೆ ಕೊಲ್ಕತ್ತದ ರಜತ್ ಮತ್ತು ಜಯಂತ್ ಅಗರ್ವಾಲಾ ಎಂಬ ಅಣ್ಣತಮ್ಮಂದಿರು ಅಂಥದೇ ಆಟವನ್ನು ‘ಸ್ಕ್ರ್ಯಾಬ್ಯುಲಸ್’ ಎಂಬ ಹೆಸರಿನಲ್ಲಿ ಅಂತರಜಾಲಕ್ಕೆ ತಂದರು. 2007ರಲ್ಲಿ ಫೇಸ್‌ಬುಕ್ಕಿನಲ್ಲಿ ಲಕ್ಷಾಂತರ ಜನ ಅದನ್ನು ಆಡಿದರು, 2008ರಲ್ಲಿ ಮೂಲ ಆಟದ ಕಂಪನಿ ಮೊಕದ್ದಮೆ ಹೂಡಿತು. ಇರಲಿ, ನಾನು ಹೇಳಹೊರಟದ್ದು ಬೇರೆ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಎಂಬ ಆಟಗಾರ 2015ರಲ್ಲಿ ಫ್ರೆಂಚ್ ಭಾಷೆಯ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದರು. ಅವರಿಗೆ ಫ್ರೆಂಚ್ ಬರುವುದಿಲ್ಲ! ಕೆಲವೇ ವಾರಗಳಲ್ಲಿ ಫ್ರೆಂಚ್ ಪದಪಟ್ಟಿಯನ್ನು ಅಕ್ಷರಗಳ ಸಾಲಾಗಿ ತಲೆಗೆ ಹಾಕಿಕೊಂಡು, ಆ ಭಾಷೆಯನ್ನೇ ತಾಯ್ನುಡಿಯಾಗಿ ಉಳ್ಳವರನ್ನು ಸೋಲಿಸಿದರು. ಬುದ್ಧಿಗೆ ಕೈಮುಗಿಯಬೇಕು. ಆದರೆ ಪ್ಯಾರಿಸ್ಸಿನಲ್ಲಿ ದಾರಿ ಕೇಳಬೇಕಾದರೆ ಆ ಗೆಲುವು ಅವರಿಗೆ ಪ್ರಯೋಜನಕ್ಕೆ ಬಾರದು. ಅರ್ಥ ಕೇಳದ ಪದದಾಟದ ಮಿತಿ ಇಷ್ಟು.

ಅರ್ಥ ಕೇಳುವ ಆಟಕ್ಕೂ ಮಿತಿಯಿದೆ. ‘ಚಾರ್ಜ್’ ಎಂಬ ಪದ ತೆಗೆದುಕೊಳ್ಳಿ. ಫೋನ್ ಚಾರ್ಜ್ ಮಾಡುತ್ತೇವೆ. ಬಸ್ಸಿಗೆ ಚಾರ್ಜ್ ಕೊಡುತ್ತೇವೆ. ಸರ್ಕಾರಿ ನೌಕರ ವರ್ಗವಾದಾಗ ಚಾರ್ಜ್ ಕೊಟ್ಟು ಬರುತ್ತಾನೆ. ತಪ್ಪು ಮಾಡಿದರೆ ಚಾರ್ಜ್‌ಶೀಟು. ಭೌತಶಾಸ್ತ್ರದಲ್ಲಿ ಅದೇ ಪದಕ್ಕೆ ವಿದ್ಯುದಾವೇಶ ಎಂಬ ಅರ್ಥ. ಇವಿಷ್ಟನ್ನೂ ಓದು ಬಾರದ ನಮ್ಮ ರೈತನೂ ಬಳಸುತ್ತಾನೆ, ಕೊನೆಯದೊಂದನ್ನು ಬಿಟ್ಟು. ಆಟ ಒಂದು ಪದಕ್ಕೆ ಒಂದು ಅರ್ಥ ತೋರಿಸಿ ಮುಂದೆ ಹೋಗುತ್ತದೆ. ‘ಬೋರ್’ ಎಂದರೆ ಕೊಳವೆಬಾವಿಯೂ ಹೌದು, ಬೇಸರವೂ ಹೌದು. ‘ಲೈಟ್’ ಎಂದರೆ ಬೆಳಕೂ ಹೌದು, ಹಗುರವೂ ಹೌದು. ಹಾಗಾಗಿ ಆಟ ಮುಗಿದ ಮೇಲೆ ನಿಘಂಟು ತೆರೆಯಬೇಕು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ನಿಲಯದ ಗ್ರಂಥಾಲಯದಲ್ಲಿದೆ, ಅದರ ಮೇಲಿನ ಧೂಳು ನೋಡಿದರೆ ಬಳಕೆ ಗೊತ್ತಾಗುತ್ತದೆ. ಕನ್ನಡ ಪದಕ್ಕೆ ಇಂಗ್ಲಿಷ್ ಏನು ಎಂದು ನೋಡಲು ವಿ. ಕೃಷ್ಣ ಅವರು ವರ್ಷಗಟ್ಟಲೆ ಒಬ್ಬರೇ ದುಡಿದು ಕಟ್ಟಿದ ‘ಅಲರ್’ ನಿಘಂಟು ಅಂತರಜಾಲದಲ್ಲಿ ಉಚಿತವಾಗಿದೆ. ಉಚ್ಚಾರಣೆಗೆ ಆಕ್ಸ್‌ಫರ್ಡ್, ಕೇಂಬ್ರಿಜ್ ನಿಘಂಟುಗಳ ಪುಟದಲ್ಲಿ ಧ್ವನಿವರ್ಧಕದ ಚಿಹ್ನೆ ಒತ್ತಿ ಕೇಳಿ. ಬರೀ ಕಣ್ಣಿಂದ ಕಲಿತರೆ ಸಾಲ ಎಂಬ ಅರ್ಥದ ‘ಡೆಟ್’ ಪದವನ್ನು ‘ಡೆಬ್ಟ್’ ಎಂದು ಓದುತ್ತೀರಿ, ಕಾಗುಣಿತದಲ್ಲಿ ಆ ‘ಬಿ’ ಸುಮ್ಮನೆ ಕುಳಿತಿರುತ್ತದೆ. ಬರೆದಂತೆ ಓದುವ ಕನ್ನಡದವರಿಗೆ ಇದು ದೊಡ್ಡ ತಲೆನೋವು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಸಲಹೆ, ಮಕ್ಕಳು ತಾವೇ ಆಟ ಮಾಡಿಕೊಳ್ಳಬೇಕು. ‘ಕ್ವಿಜ್ಲೆಟ್’ ಎಂಬುದೊಂದಿದೆ. ಕ್ಯಾಲಿಫೋರ್ನಿಯಾದ ಆಂಡ್ರ್ಯೂ ಸದರ್ಲ್ಯಾಂಡ್ ಎಂಬ ಹದಿನೈದು ವರ್ಷದ ಹುಡುಗ 2005ರಲ್ಲಿ ಬರೆದದ್ದು. ಅವನ ಫ್ರೆಂಚ್ ತರಗತಿಯಲ್ಲಿ 111 ಪ್ರಾಣಿಗಳ ಹೆಸರು ಕಲಿಯಲು ಕೊಟ್ಟಿದ್ದರು, ಅದಕ್ಕಾಗಿ ತನಗೆ ತಾನೇ ಒಂದು ಪ್ರೋಗ್ರಾಂ ಮಾಡಿಕೊಂಡ. ಇಲ್ಲಿರುವ ಹತ್ತನೆಯ ತರಗತಿಯವರ ವಯಸ್ಸು ಅವನದು. ಅದರಲ್ಲಿ ನಮ್ಮ ಪದಗಳನ್ನು ನಾವೇ ತುಂಬಬಹುದು. ಒಂದು ಬದಿ ಇಂಗ್ಲಿಷ್ ಪದ, ಇನ್ನೊಂದು ಬದಿ ಕನ್ನಡ ಲಿಪಿಯಲ್ಲೇ ಅರ್ಥ. ತುಂಬಿದ ಮೇಲೆ ಅದೇ ಪದಗಳಿಂದ ಜೋಡಿಸುವ ಆಟ ತಯಾರಾಗುತ್ತದೆ. ಭೌತಶಾಸ್ತ್ರದ ಒಂದು ಅಧ್ಯಾಯದಿಂದ ತಿಳಿಯದ ಹತ್ತು ಪದ ಹೆಕ್ಕಿ, ಅರ್ಥ ಹುಡುಕಿ, ತುಂಬುವ ಹೊತ್ತಿಗೇ ಅರ್ಧ ಕಲಿತಿರುತ್ತೀರಿ. ಯಾರೋ ಮಾಡಿಟ್ಟ ಸಾವಿರ ಪದಗಳಿಗಿಂತ ನಾಳೆ ತರಗತಿಯಲ್ಲಿ ಬರಲಿರುವ ಹತ್ತು ಪದ ಮೇಲು. ಫ್ರೀರೈಸ್‌ನ ಮೇಲಿನ ಹಂತಗಳಲ್ಲಿ ಬರುವ ಪದಗಳು ಇಂಗ್ಲೆಂಡಿನವರಿಗೂ ಅಪರೂಪ. ಅಲ್ಲಿ ಹೆಣಗುವುದು ವ್ಯರ್ಥ.

ಫೋನ್ ಇಲ್ಲದಿದ್ದರೆ? ಅದಕ್ಕೂ ದಾರಿಯಿದೆ. ಸೆಬಾಸ್ಟಿಯನ್ ಲೈಟ್ನರ್ ಎಂಬವರು 1972ರ ಪುಸ್ತಕದಲ್ಲಿ ಒಂದು ಪೆಟ್ಟಿಗೆಯ ವಿಧಾನ ಹೇಳಿದರು. ಇಂದಿನ ಎಷ್ಟೋ ಆ್ಯಪ್‌ಗಳ ಹೊಟ್ಟೆಯಲ್ಲಿರುವುದು ಅದೇ. ಮದುವೆ ಪತ್ರಿಕೆಯ ಹಿಂಬದಿ ಕತ್ತರಿಸಿ ಚೀಟಿ ಮಾಡಿ. ಚಪ್ಪಲಿ ಡಬ್ಬದಲ್ಲಿ ಐದು ಖಾನೆ ಮಾಡಿ. ಸರಿ ಹೇಳಿದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ಮತ್ತೆ ಮೊದಲನೆಯದಕ್ಕೆ. ಮೊದಲ ಖಾನೆಯನ್ನು ದಿನಾಲೂ ನೋಡಿ, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ಹೀಗೆ ಅಂತರ ಹಿಗ್ಗಿಸುತ್ತ ಹೋಗಿ. ಕರೆಂಟು ಹೋದರೂ ನಡೆಯುವ ಆಟ ಇದು.

ಫೋನಿನ ಮಾತು ಬಂದದ್ದರಿಂದ ತಾಯಂದಿರಿಗಿಂತ ತಂದೆಯಂದಿರಿಗೆ ಒಂದು ಮಾತು. ಮನೆಯಲ್ಲಿ ಇರುವ ಒಂದು ಫೋನ್ ಮಗನ ಕೈಗೆ ಸಲೀಸಾಗಿ ಹೋಗುತ್ತದೆ. ಮಗಳು ಕೇಳಿದರೆ ‘ನಿನಗ್ಯಾಕವ್ವ’ ಎನ್ನುತ್ತೀರಿ. ಗಂಡು-ಹೆಣ್ಣಿನ ಭೇದ ಇಲ್ಲವೆಂದು ಸಾರಿದ ಶರಣರ ಹೆಸರಿನಲ್ಲಿ ಸಭೆ ಮಾಡುವ ನಾವು ಮನೆಯ ಫೋನಿನಲ್ಲಿ ಭೇದ ಇಟ್ಟುಕೊಂಡಿದ್ದೇವೆ. ಹೆದರಿಕೆ ಇದ್ದರೆ ಪಕ್ಕದಲ್ಲಿ ಕುಳಿತುಕೊಳ್ಳಿ. ಪಡಸಾಲೆಯಲ್ಲಿ, ಎಲ್ಲರ ಎದುರಿಗೆ, ಇಪ್ಪತ್ತು ನಿಮಿಷ. ಅವಳ ಜೊತೆ ನೀವೂ ಐದು ಪದ ಕಲಿತರೆ ನಷ್ಟವೇನಿಲ್ಲ. ಅವ್ವ ಓದದಿದ್ದರೂ ಸರಿ, ಚೀಟಿಯ ಕನ್ನಡದ ಅರ್ಥವನ್ನು ತಮ್ಮನೋ ತಂಗಿಯೋ ಓದಿ ಹೇಳಲಿ, ಇಂಗ್ಲಿಷ್ ಪದ ಏನೆಂದು ಅವ್ವ ಮಗಳನ್ನು ಕೇಳಲಿ.

ನಿಲಯದ ವಿಷಯ ಪೂಜ್ಯರೊಂದಿಗೆ ಮಾತಾಡಿದ್ದೇನೆ. ಕಚೇರಿಯಲ್ಲಿರುವ ಎರಡು ಹಳೆಯ ಕಂಪ್ಯೂಟರ್‌ಗಳನ್ನು ಬುಧವಾರ ಮತ್ತು ಶನಿವಾರ ಸಂಜೆ ಪ್ರಾರ್ಥನೆಗೆ ಮುಂಚೆ ಮಕ್ಕಳಿಗೆ ಬಿಡಲು ಒಪ್ಪಿದ್ದಾರೆ. ಒಂದು ಕಂಪ್ಯೂಟರಿಗೆ ನಾಲ್ವರು, ಒಬ್ಬೊಬ್ಬರ ಸರದಿ ಐದು ನಿಮಿಷ. ಒಬ್ಬ ಆಡುವಾಗ ಉಳಿದ ಮೂವರು ಉತ್ತರ ಕೂಗಬಾರದು, ತಪ್ಪಿದ ಪದವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಮಲಗುವ ಮುಂಚೆ ಆ ಪದಗಳಲ್ಲಿ ಮೂರಕ್ಕೆ ಸ್ವಂತ ವಾಕ್ಯ. ವಾಕ್ಯ ಸರಳವಾಗಿರಲಿ, ಎತ್ತು, ಹೊಲ, ಬಸ್ಸು, ಮಳೆ, ನಿಮಗೆ ಗೊತ್ತಿರುವುದರ ಬಗ್ಗೆಯೇ ಇರಲಿ. ಹಿರಿಯ ವಿದ್ಯಾರ್ಥಿಗಳು ತಿದ್ದಿಕೊಡುತ್ತಾರೆ. ತಿದ್ದುವವರು ನಗಬಾರದು, ಇದೊಂದು ಕಟ್ಟುನಿಟ್ಟಿನ ನಿಯಮ. ಅಂಕಪಟ್ಟಿ ಗೋಡೆಗೆ ಹಚ್ಚುವುದು ಬೇಡವೆಂದೂ ಹೇಳಿದ್ದೇನೆ. ಹಚ್ಚಿದ ಮರುದಿನವೇ ಹಿಂದೆ ಬಿದ್ದವರು ಆಟಕ್ಕೆ ಬರುವುದನ್ನು ನಿಲ್ಲಿಸುತ್ತಾರೆ, ಬರಬೇಕಾದವರು ಅವರೇ.

ಎರಡು ತಿಂಗಳ ಬಳಿಕ ನಾನು ಬರುತ್ತೇನೆ. ಎಷ್ಟು ಕಾಳು ಬಿತ್ತು ಎಂದು ಕೇಳುವುದಿಲ್ಲ. ಹಿಂದಿನ ವರ್ಷದ ಒಂದು ಪ್ರಶ್ನೆಪತ್ರಿಕೆ ತರುತ್ತೇನೆ, ಉತ್ತರ ಬರೆಯಬೇಕಿಲ್ಲ, ಪ್ರತಿ ಪ್ರಶ್ನೆ ಏನು ಕೇಳುತ್ತಿದೆ ಎಂದು ಕನ್ನಡದಲ್ಲಿ ಹೇಳಿದರೆ ಸಾಕು.

ಪ್ರಸಾದಕ್ಕೆ ಇನ್ನೂ ಕಾಲು ಗಂಟೆ ಇದೆಯೆಂದು ಕಾಣುತ್ತದೆ. ಏನಾದರೂ ಕೇಳುವುದಿದ್ದರೆ ಕೇಳಿ, ಮೊದಲು ಹಿಂದಿನ ಸಾಲಿನಲ್ಲಿರುವ ಹೆಣ್ಣುಮಕ್ಕಳು.